ರಾಚಕ್ಕನ ಬೈಟು

…ನಗು, ನಗಕ್ಕ, ಬೇಕಾದಷ್ಟು ನಗು. ಆದ್ರೆ ಮೊದ್ಲು ಆ ಬಾಗ್ಲ ವಸಿ ಮುಂದಕ್ಕೆ ತಳ್ಳು. ಪೂರ್ತಿ ಮುಚ್ಬ್ಯಾಡ, ಪೂರ್ತಿ ಮುಚ್ಚಿದ್ರೆ ಬೀದಿಯೋರು ಇನ್ನೇನೋ ಅಂದ್ಕತಾರೆ. ಅಷ್ಟೇ… ಅಷ್ಟು ಸಾಕು. ನಲ್ಲಿತಾವ ನಾಕು ಜನ ಎಂಗಸ್ರು ನಿಂತವ್ರೆ, ಕಂಡ್ತಾ? ಬಿಂದಿಗೆ ತುಂಬಿ ಎಷ್ಟೊತ್ತಾಯ್ತೋ ಏನೋ, ಒಬ್ಳೂ ಎತ್ಕಂಡು ಓಯ್ತಾ ಇಲ್ಲ. ಎಲ್ಲಾ ಈ ಅಟ್ಟಿ ಕಡೆನೇ ನೋಡ್ತಾವ್ರೆ.

ಯಾಕೆ ನನ್ ತಲೆನೇ ನೋಡ್ತೀಯ? ಓ… ಹೆಲ್ಮೆಟ್ಟಾ. ಬಿಚ್ಚೋದೇ ಮರ್ತೋದೆ ನೋಡು. ಇಲ್ಲ ಕಣಕ್ಕ, ಬೈಕಲ್ಲಿ ಬರ್ಲಿಲ್ಲ. ಬಸ್ಸಲ್ಲೇ ಬಂದೆ. ಕೊಳ್ಳೇಗಾಲದಿಂದ ಇಲ್ಲೀಗಂಟ ಹೆಲ್ಮೆಟ್ ಆಕ್ಕಂಡೇ ಬಸ್ಸಲ್ಲಿ ಕುಂತಿದ್ದೆ. ಪಕ್ಕದಲ್ಲಿದ್ದ ಮುದುಕ, "ಯಾಕಪ್ಪ, ಡ್ರೈವರ್ ಮ್ಯಾಲೆ ಅಷ್ಟೂ ನಂಬ್ಕೆ ಇಲ್ವಾ" ಅಂದ. ಸುಮ್ಕಿದ್ದೆ. ಎಲ್ಲಾ ಸರಿಯಾಗೇ ಇತ್ತು. ಆಮೇಲೆ ಕಂಡಕ್ಟರ್ ಬಂದ. ಊರೆಸ್ರು ಯೋಳಿ, ಒಂದು ಟಿಕೆಟ್ ಕೊಡಿ ಅಂದೆ. ಅಷ್ಟೇ ಕಣಕ್ಕ ಅಂದಿದ್ದು! 'ಕೊಡಿ' ಅಂದಿದ್ದೇ ತಡ, ಇಡೀ ಬಸ್ಸು ತಿರುಗ್ತು. ಇಂದ್ಗಡೆ ಸೀಟಿಂದ ಯಾರೋ, "ಉತ್ತರ ಕೊಡಿ! ವೀಕ್ಷಕರಿಗೆ ಉತ್ತರ ಕೊಡಿ!" ಅಂದ. ನನ್ ದನೀಲೇ ಅಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲಾರೂ. ಕಡೆಗೆ ಕಂಡಕ್ಟರೂ. ಕಾಮಗೆರೆ ಬರೋಗಂಟ ಅದೇ ಭಜನೆ. ಮೊಖ ಮುಚ್ಕಬೌದು, ದನಿ ಎಲ್ಲಿ ಮುಚ್ಕಳ್ಳಾದು? ಆ ನಲ್ಲಿತಾವ ಇರೋರ್ಗೂ ಅದೇ ಬಸ್ಸಲ್ಲಿ ಬಂದೋರೇ ಸುದ್ದಿ ಮುಟ್ಸವ್ರೆ.

ಸರಿ, ನೀನು ಮಾತಾಡ್ಬ್ಯಾಡ. ಸೊಪ್ಪು ಸೋಸ್ತಾ ಇರು. ಬೆರಕೆ ಸೊಪ್ಪಾ? ನಾಕು ತಿಂಗ್ಳಾಯ್ತು ನಾನು ಈ ಅಟ್ಟೀಗೆ ಬಂದು. ಸಿಟ್ಟಿರ್ತದೆ, ನಂಗೆ ಗೊತ್ತು. ದೊಡ್ಡವ್ವನ ಮಗಳು ನೀನು, ಸಣ್ಣೋನಿದ್ದಾಗ ಸೊಂಟದ ಮ್ಯಾಲೆ ಎತ್ಕಂಡು ತಿರುಗ್ದೋಳು. ಬೈ. ಎರ್ಡು ಏಟು ಬೇಕಾದ್ರೂ ಆಕು. ಇಂಗೆ ಮೂಕಿ ಥರ ಕುಂತ್ಕಂಡ್ರೆ ನಾನೇನಂತ ಶುರು ಮಾಡ್ಲಿ?

ಆ ಗೊಂಬೆ ವಿಷ್ಯ ಕಣಕ್ಕ. ಫೋನಲ್ಲಿ ಬತ್ತದಲ್ಲ, ಕಾರ್ಟೂನು… ಗೊತ್ತಿಲ್ದಂಗೆ ಆಡ್ಬ್ಯಾಡ, ತುಟಿ ಮೂಲೇಲಿ ನಗು ಮಡೀಕಂಡಿದ್ದೀಯ. ಅಶಾಂತರಾಜ! ಎಂಥಾ ಎಸ್ರು ನೋಡು. ಅಪ್ಪ ಅವ್ವ ನಂಗೆ ಶಾಂತರಾಜು ಅಂತ ಇಟ್ರು. ಗಡಿಸೀಮೆ ಟಿವೀಲಿ ಸಾಯಂಕಾಲ ಆರೂವರೆ ವಾರ್ತೆ, ಹನ್ನೊಂದು ವರ್ಷ. ನಮ್ ಕೇಬಲ್ಲು ಓಗಿರೋ ಕಡೆಯೆಲ್ಲಾ, ಇತ್ಲಾಗೆ ಯಳಂದೂರು, ಅತ್ಲಾಗೆ ಹನೂರು, ಮಾರ್ಟಳ್ಳಿ, ನನ್ ಮೊಖ ಗೊತ್ತು. ಮಾರ್ಟಳ್ಳೀಲಿ ತಮಿಳ್ನೋರೂ, "ವಾಂಗ ಸಾರ್" ಅಂತ ಕುರ್ಚಿ ಎಳ್ದಾಕೋರು. ಈಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ ಶಾಂತರಾಜು ಯಾರು ಅಂತ ಕೇಳು, ಒಬ್ನಿಗೂ ಗೊತ್ತಿಲ್ಲ. ಅಶಾಂತರಾಜ ಅಂದ್ರೆ ತೊಟ್ಲಲ್ಲಿರೋ ಕೂಸೂ ನಗ್ತದೆ.

ತಲೆ ಜಾಗ್ದಲ್ಲಿ ಮೈಕ್ ಸೆಟ್ಟಿನ ಕೊಂಬು. ಮೈಗೆ ನೀಲಿ ಕೋಟು. ಕೈಲಿ ಮೈಕಿರಲ್ಲ, ಸೌಟಿರ್ತದೆ. ಆ ಸೌಟ ತಕ್ಕಂಡೋಗಿ ಎದ್ರಿಗಿರೋರ ಬಾಯ್ತಾವ ಇಡ್ತಾನೆ, ಅವ್ರು ಬಾಯ್ ತೆಗ್ಯೋಷ್ಟ್ರಲ್ಲಿ ಕಿತ್ಕತಾನೆ. ಇಂದ್ಗಡೆ ಧಗಧಗ ಅಂತ ಬೆಂಕಿ. ನಾವೂ ಸ್ಟುಡಿಯೋದಲ್ಲಿ ಬೆಂಕಿ ತೋರಿಸ್ತೀವಿ, ಇಲ್ಲ ಅನ್ನಲ್ಲ. ಮೊನ್ನೆ ಹಸು ಕಳ್ದೋಗಿದ್ದ ಸುದ್ದಿಗೂ ಬೆಂಕಿ ಆಕಿದ್ವಿ. ಅದ್ಯಾಕೆ ಅಂತ ನಾನೂ ಯಾವತ್ತೂ ಕೇಳಿರ್ಲಿಲ್ಲ. ಆ ಗೊಂಬೇಲಿ ನೋಡೋಗಂಟ ಅದು ನಗೋ ಅಂಥದ್ದು ಅಂತ ಒಳೀಲೇ ಇಲ್ಲ ನಂಗೆ.

ಮೊದಲ್ನೇದು ಹಲ್ಲೀದು. ನೋಡಿದ್ದೀಯ ತಾನೇ? ಹಲ್ಲಿ ಪಾಪ ಗೋಡೆ ಮ್ಯಾಲೆ ತಣ್ಣಗೆ ಕುಂತಿರ್ತದೆ. ಅಶಾಂತರಾಜ ಸೌಟಿಡ್ತಾನೆ. "ಸಾಂಬಾರಿಗೆ ಹಲ್ಲಿ ಬಿದ್ದಿದ್ದು ಹೌದೋ ಅಲ್ಲವೋ? ಒಂದೇ ಮಾತಲ್ಲಿ ಹೇಳಿ!" ಹಲ್ಲಿ ಬಾಯ್ ತೆಗೀತದೆ, ಇವ್ನು ಸೌಟು ಕಿತ್ಕತಾನೆ. "ಮೌನ! ನೋಡಿ ವೀಕ್ಷಕರೇ, ಮೌನ! ಮೌನವೇ ಒಪ್ಪಿಗೆ!" ಅಂತಾನೆ. ಹಲ್ಲಿ ಇನ್ನೂ ಗೋಡೆ ಮ್ಯಾಲೇ ಅದೆ, ಯಾವ ಸಾಂಬಾರ್ಗೂ ಬಿದ್ದಿಲ್ಲ. ನಮ್ ಪದ್ಮಿನಿ, ಅಗ್ನಿಸಾಕ್ಷಿಯಾಗಿ ಕಟ್ಕಂಡ ಎಂಡ್ತಿ ಕಣಕ್ಕ, ಮುಸುರೆ ತಿಕ್ತಾ ತಿಕ್ತಾ ಅದ ನೋಡಿ ಕೆಳಕ್ಕೆ ಕುಂತ್ಕಬುಟ್ಳು ನಗು ತಡೀನಾರ್ದೆ.

ಯಾವನೋ ಮಿಮಿಕ್ರಿ ಮಾಡಿದ್ರೆ ಅವ್ನ ಜುಟ್ಟು ಇಡೀಬೌದಿತ್ತು. ಅದು ನಂದೇ ದನಿ! ನಾನು ಓದಿರೋದ್ರಿಂದ್ಲೇ ಕತ್ರಿಸಿ ಕತ್ರಿಸಿ ಆಕವ್ರೆ. ಒಂದಕ್ಷರ ಒರಗಿಂದ ಸೇರ್ಸಿಲ್ಲ, ಗೊಂಬೆ ಅಷ್ಟೇ ಒಸ್ದು. ವಕೀಲ್ರತಾವ ತಕ್ಕಂಡೋದೆ. ಎರಡು ಸಲ ನೋಡುದ್ರು, ಕನ್ನಡ್ಕ ತೆಗ್ದು ಕಣ್ಣೊರ್ಸ್ಕಂಡು, "ಮಾತೆಲ್ಲ ನಿಂದೇ ಅಲ್ವೇನಯ್ಯ, ಯಾರ ಮ್ಯಾಲೆ ಕೇಸ್ ಆಕಾನ" ಅಂದ್ರು.

ನಿನ್ ಮಗಳು ರೂಪಂದೇ ಅದು. ಬ್ಯಾಡ, ತಲೆ ಅಲ್ಲಾಡಿಸ್ಬ್ಯಾಡ. ಲುಂಗಿ ನೋಡಿ ಇಡ್ದೆ ನಾನು. ಒಂದ್ರಲ್ಲಿ ಕ್ಯಾಮೆರಾ ಜಾರಿ ಬೀಳ್ತದಲ್ಲ, ಆಗ ಅಶಾಂತರಾಜನ ಕೋಟಿನ ಕೆಳ್ಗೆ ಹಸಿರು ಚೌಕುಳಿ ಲುಂಗಿ. ಮಂಡೀತಾವ ತೇಪೆ ಬೇರೆ! ನಮ್ ಸ್ಟುಡಿಯೋ ಅಂದ್ರೇನು, ಮೊದ್ಲು ರೇಷ್ಮೆ ನೂಲು ಬಿಚ್ತಿದ್ದ ಶೆಡ್ಡು, ಮ್ಯಾಲೆ ತಗಡು. ಬೇಸ್ಗೇಲಿ ಬೆಂದೋಯ್ತೀವಿ. ಸೊಂಟದಿಂದ ಕೆಳ್ಗೆ ಕ್ಯಾಮೆರಾ ಬರಲ್ಲ, ಅದಕ್ಕೆ ಮ್ಯಾಲೆ ಕೋಟು, ಕೆಳ್ಗೆ ಲುಂಗಿ. ಒರಗಿನೋರ್ಗೆ ಯಾರ್ಗೂ ಗೊತ್ತಿಲ್ಲ. ನೀನು ಕೊಟ್ಟು ಕಳ್ಸಿದ್ದ ಒಬ್ಬಟ್ಟು ತಕ್ಕಂಡು ನಿನ್ ಮಗಳು ಬಂದಿದ್ಳಲ್ಲ, ಅವತ್ತು ನೋಡವ್ಳೆ. ತೇಪೇನೂ ಬುಟ್ಟಿಲ್ಲ.

ಸಿಟ್ಟಿಲ್ಲ ಕಣಕ್ಕ ಅವ್ಳ ಮ್ಯಾಲೆ. ಬರೀ ಫೋನು, ಬರೀ ಬೆರಳು, ಅಷ್ಟ್ರಲ್ಲೇ ಬರ್ದವ್ಳೆ ಅಂದ್ರೆ ಕೈ ಅಂಥದ್ದು. ಆ ಕೊಂಬು ತಿರುಗಿದ್ರೆ ನಾನೇ ತಿರುಗ್ದಂಗದೆ. ಬೇರೆಯೋರ್ದಾಗಿದ್ರೆ ನಾನೂ ನಾಕು ಜನಕ್ಕೆ ಕಳಿಸಿ ನಗ್ತಿದ್ದೆ.

ಆದ್ರೆ ನನ್ ಪಾಡು ಕೇಳು. ಟೀ ಅಂಗ್ಡೀಲಿ ಬಾಯ್ ಬಿಟ್ಟು ಟೀ ಕೇಳಂಗಿಲ್ಲ, ಬೆರಳು ತೋರಿಸ್ತೀನಿ. ಫೋನ್ ಬಂದ್ರೆ ಅಲೋ ಅನ್ನಂಗಿಲ್ಲ, ಆ ಕಡೆಯೋರು ನಗ್ತಾರೆ. ಸ್ಟುಡಿಯೋದಲ್ಲಿ ಕುಂತ್ರೆ ನಾಲ್ಗೆ ಎದ್ದೇಳಲ್ಲ. ಮೆಲ್ಗೆ ಓದಿದ್ರೆ ಓನರ್ ಬೈತಾರೆ, ಜೋರಾಗಿ ಓದಿದ್ರೆ ಅದು ಅಶಾಂತರಾಜಂದಾಯ್ತದೆ. ಇವತ್ತು ನಾನು ಓದಿದ್ದು ನಾಳೆ ಆ ಗೊಂಬೆ ಬಾಯಲ್ಲಿರ್ತದೆ. ಅವ್ನು ಫೋನೊಳ್ಗೆ ಕುಣೀತಾನೆ, ನಾನು ಒರ್ಗೆ ಅವ್ನಂಗೇ ಆಡ್ತೀನಿ. ಯಾರು ಯಾರ್ನ ಅಣಕಿಸ್ತಾವ್ರೆ ಅಂತ್ಲೇ ತಿಳೀದು. ಭಯ ಆಯ್ತದೆ ಕಣಕ್ಕ, ನಿಜವಾಗ್ಲೂ.

ನೆನ್ನೆ ನಮ್ ಓನರು, ಬಸವಕುಮಾರ್ ಸಾರು, ಕರ್ದು ಕುಂಡ್ರಿಸ್ಕಂಡ್ರು. ಭಾನುವಾರದೊಳ್ಗೆ ಈ ನಗೆಪಾಟ್ಲು ನಿಲ್ಬೇಕು, ಇಲ್ದಿದ್ರೆ ಕೋಟು ಬಿಚ್ಚಿಟ್ಟು ಓಗು ಅಂದ್ರು. ನಂಗೆ ನಲವತ್ತೊಂದು. ಪಿಯುಸಿ ಫೇಲು. ಈ ದನಿ ಒಂದು ಬುಟ್ರೆ ನನ್ತಾವ ಇನ್ನೇನದೆ? ಆ ಕೆಲ್ಸ ಓದ್ರೆ ನಾನೆಲ್ಲಿಗೆ ಓಗ್ಲಿ, ಬಾಯ್ ಬಿಟ್ರೆ ನಗೋ ಊರಲ್ಲಿ?

ಅದಕ್ಕೇ ಬಂದೆ. ಒಂದು ಬೈಟ್ ಕೊಡಕ್ಕ. ಒಂದೇ ಒಂದು. ಬೈಟ್ ಅಂದ್ರೆ ಏನಿಲ್ಲ, ಕ್ಯಾಮೆರಾ ಮುಂದೆ ಒಂದು ಮಾತು, ಟಿವಿಯೋರು ಅಂಗಂತೀವಿ. "ಅವತ್ತು ಶಾಂತರಾಜು ಕೇಳ್ದ. ನಾನಾಗಿ ನಾನೇ ಉತ್ರ ಕೊಡ್ಲಿಲ್ಲ." ಇಷ್ಟೇ. ಆಗ ಆ ಸೌಟು ಕಿತ್ಕಳ್ಳಾದೆಲ್ಲಾ ಸುಳ್ಳಾಯ್ತದೆ. ಶಾಂತರಾಜು ಕೇಳೋದ ಕೇಳ್ದ, ಆಯಮ್ಮನೇ ಸುಮ್ಕಿದ್ಳು ಅಂತ ಜನ ಅಂತಾರೆ. ನಗು ತಾನಾಗೇ ನಿಲ್ತದೆ.

ಸುಳ್ಳೇನಲ್ವಲ್ಲ ಅದು? ನೆನಸ್ಕೊ. ನಮ್ಮೂರ ಇಸ್ಕೂಲಲ್ಲಿ ಬಿಸಿಯೂಟ ಉಂಡು ಹನ್ನೊಂದು ಐಕ್ಳು ವಾಂತಿ ಮಾಡ್ಕಂಡ್ವು. ಸಾಯಂಕಾಲಕ್ಕೆ ಆಸ್ಪತ್ರೆಯಿಂದ ಆಡ್ಕಂಡೇ ಬಂದ್ವು, ದೇವ್ರು ದೊಡ್ಡೋನು. ಆದ್ರೂ ಸುದ್ದಿ ಸುದ್ದಿನೇ ಅಲ್ವಾ? ಮೈಕ್ ತಕ್ಕಂಡು ಬಂದೆ. ಅಡ್ಗೆ ಮಾಡೋಳು ನೀನು. ದೊಡ್ಡವ್ವನ ಮಗಳು ಅಂತ ಬುಟ್ಬುಡಕ್ಕಾಯ್ತದಾ? ಕೇಳ್ದೆ. ಮೂರು ಸಲ ಕೇಳ್ದೆ. ನೀನು ಸೆರಗ ಇಡ್ಕಂಡು ನನ್ ಮೊಖನೇ ನೋಡ್ಕಂಡು ನಿಂತಿದ್ದೆ. ಇಡೀ ಸೀಮೆ ನೋಡ್ತು. ನಾನೇನು ನಿನ್ ಬಾಯ್ ಕಟ್ಟಿದ್ನಾ?

…ಯಾಕೆ ಸೊಪ್ಪ ಕೆಳಗಿಟ್ಟೆ?

ಹಲ್ಲಿ ವಿಷ್ಯನಾ? ಔದು, ಸಾಂಬಾರಲ್ಲಿ ಹಲ್ಲಿ ಇರ್ಲಿಲ್ಲ. ಆ ಫೋಟೋ ಎಲ್ಲಿಂದ್ಲೋ ತಕ್ಕಂಡಿದ್ದು. ಅದಕ್ಕೇ ಮೂಲೇಲಿ ಸಣ್ಣಕ್ಷರದಲ್ಲಿ 'ಸಾಂದರ್ಭಿಕ ಚಿತ್ರ' ಅಂತ ಆಕಿದ್ವಿ. ಅದ ಓದ್ಕಬೇಕಾದ್ದು ನೋಡೋರ ಕೆಲ್ಸ. ನಗ್ಬ್ಯಾಡ, ಕಾನೂನೇ ಅಂಗದೆ… ಅಂತ ನಮ್ ಓನರ್ ಅಂತಾರೆ.

ಈಗ ಕ್ಯಾಲೆಂಡರ್ ಯಾಕೆ ನೋಡ್ತೀಯ? ಓ, ಸೋಮವಾರದ್ದು. ಗೊತ್ತು. ವಿಚಾರಣೆಗೆ ಬತ್ತಾರೆ, ನಿಂಗೆ ಅಡ್ಗೆ ಕೆಲ್ಸ ವಾಪಸ್ ಕೊಡ್ಬೇಕೋ ಬ್ಯಾಡ್ವೋ ಅಂತ. ಹದಿನಾಲ್ಕು ವರ್ಷ ಆ ಒಲೆ ಮುಂದೆ ನಿಂತೋಳು, ನಿಂಗೆ ಕೊಡ್ದೆ ಯಾರಿಗೆ ಕೊಡ್ತಾರೆ? ಈ ಬೈಟಿಗೂ ಅದಕ್ಕೂ ಸಂಬಂಧ ಇಲ್ಲ. ಭಾನುವಾರ ಒಂದ್ಸಲ ತೋರಿಸ್ತೀವಿ, ಮುಗೀತು. ವಿಚಾರಣೆಯೋರು ಟಿವಿ ನೋಡಲ್ಲ. ನೋಡಿದ್ರೂ… ಆಮೇಲೆ ನಾನೇ ಓಗಿ ಅವ್ರತಾವ ಮಾತಾಡ್ತೀನಿ, ನಾನೇ ನೋಡ್ಕತೀನಿ, ನೀನೇನೂ…

ಯಾಕಂಗೆ ನೋಡ್ತೀಯ? ಏನಂದೆ ನಾನು? ನೋಡ್ಕತೀನಿ ಅಂದೆ. ಅಷ್ಟೇ ಅಂದಿದ್ದು.

ಆ ಬೇಳೆ ವಿಷ್ಯ ಮಾತ್ರ ಈಗ ಎತ್ಬ್ಯಾಡ. ನೀನೆಲ್ಲಿ ಎತ್ತಿದೆ, ನಾನೇ ಎತ್ತಿದ್ದು, ಸರಿ. ಮೂಟೆ ಬಿಚ್ಚಿದ್ರೆ ಔಸ್ದಿ ನಾತ ಒಡೀತಿತ್ತು, ಇದ ಬೇಯಿಸಲ್ಲ ಅಂತ ನೀನು ಬೆಳಿಗ್ಗೇನೇ ಎಡ್ ಮೇಷ್ಟ್ರಿಗೆ ಯೋಳಿದ್ದೆ, ಅವ್ರು ತೊಳ್ದು ಬೇಯ್ಸಮ್ಮ ಅಂದ್ರು… ಅಂತ ನಂಗೆ ಗೊತ್ತಾಯ್ತು. ಎಂಗೆ ಗೊತ್ತಾಯ್ತು ಅಂದ್ರೆ… ಊರಲ್ಲಿ ಮಾತಾಡ್ಕತಿದ್ರು. ಅಲ್ಲ, ನೀನೇ ಯೋಳಿರ್ಬೌದು. ಔದು, ನೀನೇ ಯೋಳಿದ್ದೆ. ಕ್ಯಾಮೆರಾ ಬರೋಕೆ ಮುಂಚೆ, ಅಡ್ಗೆಮನೆ ಇಂದ್ಗಡೆ. ಆ ಬೇಳೆ ತಂದಾಕೋನು ನಮ್ ಓನರ್ ಬಾಮೈದ. ಅದೂ ನಂಗೆ ಗೊತ್ತಿತ್ತು. ಅದನ್ನ ಟಿವೀಲಿ ಅಂದಿದ್ರೆ ಅವತ್ತೇ ನನ್ ಕೋಟು ಬಿಚ್ಚಿಸ್ತಿದ್ರು ಕಣಕ್ಕ. ನಿಂಗೆ ಅಡ್ಗೆ ಕೆಲ್ಸ ಎಂಗೋ ನಂಗೆ ಕೋಟು ಅಂಗೆ.

ಆಯ್ತು, ಆ ಮಾತು ಬುಡು. ಬಸ್ಸಿಗೆ ಒತ್ತಾಯ್ತದೆ. ಇಗೋ, ಫೋನ್ನ ಈ ಉಪ್ಪಿನ ಜಾಡಿಗೆ ಒರಗಿಸ್ತೀನಿ. ನೀನು ಅಲ್ಲೇ ಕುಂತಿರು, ಬೆಳಕು ಚೆನ್ನಾಗದೆ. ಕೆಂಪು ಚುಕ್ಕಿ ಬಂತು ನೋಡು, ಓಡ್ತಾ ಅದೆ. ನನ್ ಕಡೆ ಅಲ್ಲ, ಚುಕ್ಕಿ ಕಡೆ ನೋಡ್ಬೇಕು. ಮೂರು… ಎರಡು… ಒಂದು.

ಯೋಳು.

ಅವತ್ತು ಶಾಂತರಾಜು ಕೇಳ್ದ… ಅನ್ನು.

ಮರ್ತೋಯ್ತಾ? ನಾನೇ ಯೋಳ್ಕೊಡ್ತೀನಿ, ನನ್ ಇಂದೇನೇ ಅಂದ್ಬುಡು. "ನಾನಾಗಿ ನಾನೇ ಉತ್ರ ಕೊಡ್ಲಿಲ್ಲ." ಅನ್ನಕ್ಕ. ಒಂದು ನಿಮಿಷದ ಕೆಲ್ಸ. …ಅಕ್ಕ, ಚುಕ್ಕಿ ನೋಡು, ನನ್ ನೋಡ್ಬ್ಯಾಡ. ಎರಡು ನಿಮಿಷ ಆಯ್ತು, ಓಡ್ತಾ ಅದೆ. ಏನಾದ್ರೂ ಅನ್ನು. ಅವಲಕ್ಷಣ ಮುಂಡೇದು ಅಂತ ಬೈಯಾದ್ರೂ ಬೈ. ಇಲ್ಲ ಅಂತಾದ್ರೂ ಅನ್ನು! ಯಾಕೆ ಉತ್ರ ಕೊಡ್ತಾ ಇಲ್ಲ? ಹೇಳಿ, ಹೌದೋ ಅಲ್ಲವೋ? ಒಂದೇ ಮಾತಲ್ಲಿ ಹೇಳಿ! ವೀಕ್ಷಕರಿಗೆ ಉತ್ತರ…

…ಥೂ.

ಕೇಳಿಸ್ಕಂಡ್ರು ಒರ್ಗೆ ಇರೋರು. ನಗ್ತಾವ್ರೆ. ಬಿಂದಿಗೆ ಕೆಳಗಿಟ್ಟು ನಗ್ತಾವ್ರೆ. ಬಾಗ್ಲು ಪೂರ್ತಿ ಮುಚ್ಬುಡಕ್ಕ… ಬ್ಯಾಡ, ಮುಚ್ಬ್ಯಾಡ, ಮುಚ್ಚಿದ್ರೆ ಉಸ್ರು ಕಟ್ತದೆ ನಂಗೆ. ಒರಕ್ಕೋದ್ರೆ ಅವ್ರು, ಒಳ್ಗಿದ್ರೆ ನೀನು. ಕೊಳ್ಳೇಗಾಲಕ್ಕೋದ್ರೆ ಓನರು. ನಾನೆಲ್ಲಿ ಕುಂತ್ಕಳ್ಳಿ ಯೋಳು.

ಇಂಗೆ ನೋಡ್ಬ್ಯಾಡ ನನ್ನ. ಅವತ್ತೂ ಇಂಗೇ ನೋಡ್ತಿದ್ದೆ. ಕ್ಯಾಮೆರಾ ನೋಡಕ್ಕ ಅಂದ್ರೂ ನನ್ ಕಣ್ಣನ್ನೇ ನೋಡ್ಕಂಡು ನಿಂತಿದ್ದೆ. ಮೊದಲ್ನೇ ಸಲ ಕೇಳ್ದಾಗ ನೋಡ್ದೆ. ಎರಡನೇ ಸ… ಆ ಟೇಪ ನಾನು ಎಷ್ಟು ಸಲ ನೋಡಿವ್ನಿ ಗೊತ್ತಾ? ಜನ ಅದ್ರಲ್ಲಿ ತಪ್ಪು ಮಾಡಿದೋಳ ಮೊಖ ಕಾಣ್ತಾರೆ. ನಂಗೊಬ್ನಿಗೇ ಗೊತ್ತು ಅದು ಏನಂತ. ಕಾಯ್ತಾ ಇದ್ದೆ ನೀನು.

ನಾನೇ ಯೋಳಿದ್ನಲ್ಲ. ಅಡ್ಗೆಮನೆ ಇಂದ್ಗಡೆ, ನಿನ್ ಕೈ ಇಡ್ಕಂಡು. ಅಕ್ಕ, ನಾನೆಷ್ಟೇ ಕೂಗಾಡ್ಲಿ ನೀನು ಬಾಯ್ ಬಿಡ್ಬ್ಯಾಡ, ಅದು ಟಿವಿಯೋರು ಮಾಡೋ ಆಟ. ಕೂಗಾಡಿ ಆದ್ಮೇಲೆ ಬೇಳೆ ಮಾತು ನಾನೇ ಎತ್ತೀನಿ, ನಿಂಗೆ ಕಣ್ಸನ್ನೆ ಮಾಡ್ತೀನಿ, ಆಗ ಎಲ್ಲಾ ಯೋಳ್ಬುಡು. ಸನ್ನೆ ಮಾಡೋಗಂಟ ಉಸ್ರೆತ್ಬ್ಯಾಡ, ನಿಂಗೇನೂ ಆಗ್ದಂಗೆ ನಾನು ನೋಡ್ಕತೀನಿ, ಮಾದಪ್ಪನಾಣೆ ಅಂದೆ. ಮಾದಪ್ಪನ ಮ್ಯಾಲೆ ಆಣೆ ಇಟ್ಟೆ ನಾನು. ನೀನು ನಂಬ್ದೆ. ಮೂರು ಸಲ ಕೂಗ್ದೆ, ಮೂರು ಸಲಾನೂ ನೀನು ನನ್ ಕಣ್ಣ ನೋಡ್ದೆ, ಈಗ್ಲಾ, ಈಗ್ಲಾ ಅಂತ. ನಾನು ಸನ್ನೆ ಮಾಡ್ಲಿಲ್ಲ. ಮೌನವೇ ಒಪ್ಪಿಗೆ ಅಂದ್ಬುಟ್ಟು ಮೈಕ್ ಆಫ್ ಮಾಡ್ದೆ.

ಸನ್ನೆ ಮಾಡಬಾರ್ದು ಅಂತ ಬಂದಿರ್ಲಿಲ್ಲ ಕಣಕ್ಕ. ಮಾಡಾನ ಅಂತ್ಲೇ ಬಂದಿದ್ದೆ. ಆಗಿನ್ನೂ… ಇಲ್ಲ. ಸುಳ್ಳು. ಬರೋವಾಗ ಜೀಪಲ್ಲೇ ಓನರ್ ಫೋನ್ ಮಾಡಿ ಬೇಳೆ ಮಾತು ಎತ್ಬ್ಯಾಡ ಅಂದಿದ್ರು. ನಿನ್ ಕೈ ಇಡ್ಕಂಡಾಗ್ಲೇ ನಂಗೆ ಗೊತ್ತಿತ್ತು.

ಇವತ್ತೂ ನೀನು ಉಸ್ರೆತ್ತಿಲ್ಲ. ಊರೋರತಾವೆಲ್ಲಾ ಮಾತಾಡ್ತೀಯಂತೆ, ನನ್ನ ಮುಂದೆ ಮಾತ್ರ… ಅದಕ್ಕೇನಾ? ನಾನು ಸನ್ನೆ ಮಾಡಿಲ್ಲ ಅಂತ್ಲಾ?

ನಿಲ್ಲು, ಯಾಕೆದ್ದೆ? ಫೋನ್ ಮುಟ್ಬ್ಯಾಡ, ಅದಿನ್ನೂ ಓಡ್ತಾ ಅದೆ. ಎಲ್ಲಾ ಬಿದ್ದದೆ ಅದ್ರೊಳಕ್ಕೆ, ಕೊಡಿಲ್ಲಿ, ಅಳಿಸ್ಬುಡ್ತೀನಿ. …ಯಾಕೆ ಅದ ನನ್ ಕಡೆ ತಿರುಗಿಸ್ತೀಯ? ಜಾಡಿ ಯಾಕೆ ಇತ್ಲಾಗೆ ಎಳೀತೀಯ? ಅಕ್ಕ… ದನಿ ಅಷ್ಟೇ ಇರ್ಲಿ, ಮೊಖ ಬ್ಯಾಡ. ಕೋಟೂ ಇಲ್ಲ ಇವತ್ತು ನನ್ ಮೈಮ್ಯಾಲೆ.

ಚುಕ್ಕಿ ಕಾಣ್ತದೆ. ಕಾಣ್ತದೆ ಬುಡು.

ಏನಂತ ಶುರು ಮಾಡ್ಲಿ? ಬೇಳೆಯಿಂದ್ಲಾ, ಓನರ್ ಮಾಡಿದ್ದ ಆ ಫೋನಿಂದ್ಲಾ? ಸರಿ, ನಿನ್ನ ಕಣ್ಣೇ ನೋಡ್ತಿರ್ತೀನಿ. ನೀನು ಸನ್ನೆ ಮಾಡಕ್ಕ. ನೀನು ಮಾಡೋಗಂಟ ನಾನು ಬಾಯ್ ಬಿಡಲ್ಲ.